ಅಂಗಳದ ಹುಲ್ಲು, ಹಿತ್ತಲ ಮದ್ದು

(ತುಮಕೂರಿನಲ್ಲಿ ಕೈತೋಟದ ಆಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)

ತುಮಕೂರಿಗೆ ಆ ಹೆಸರು ಹೇಗೆ ಬಂತು ಎಂದು ಕೇಳಿದರೆ ಊರಿನ ಹಿರಿಯರಿಂದ ಎರಡು ಉತ್ತರಗಳು ಬರುತ್ತವೆ. ತಮಟೆಯ ಊರು ತುಮಕೂರಾಯಿತು ಎನ್ನುವವರು ಕೆಲವರು. ತುಂಬೆಗಿಡ ಹೇರಳವಾಗಿ ಬೆಳೆಯುತ್ತಿದ್ದ ಊರಾದ್ದರಿಂದ ತುಂಬೆಯೂರು ಎಂಬುದೇ ತುಮಕೂರಾಯಿತು ಎನ್ನುವವರು ಇನ್ನು ಕೆಲವರು. ಪಂಡಿತರು ಯಾವ ಪಕ್ಷಕ್ಕೆ ಒಲಿದರೂ ಎರಡನೆಯ ಮಾತನ್ನು ಜನ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತುಂಬೆ ಅಂಥ ಆಪ್ತ ಗಿಡ. ಮೊಣಕಾಲೆತ್ತರಕ್ಕೂ ಮೀರದ ಬೆಳವಣಿಗೆ, ಪುಟ್ಟ ಬಿಳಿಯ ಹೂ. ಶಿವನಿಗೆ ಪ್ರಿಯವೆಂದು ಪೂಜೆಗೆ ಒಯ್ಯುವ ಹೂ ಅದು. ನೆಗಡಿ, ಕೆಮ್ಮು ಬಂದಾಗ ಅಜ್ಜಿಯರು ಬೇಲಿಸಾಲಿನಲ್ಲಿ ಹುಡುಕಿ ತರುತ್ತಿದ್ದ ಸೊಪ್ಪೂ ಅದೇ.

ಇಂದು ತುಮಕೂರಿನ ಯಾವುದಾದರೂ ಹೊಸ ಬಡಾವಣೆಯಲ್ಲಿ, ಮನೆಯ ಮುಂದಿನ ಹುಲ್ಲುಹಾಸಿನ ನಡುವೆ ಒಂದು ತುಂಬೆಗಿಡ ತಲೆಯೆತ್ತಿದರೆ ಅದರ ಗತಿ ಏನು? ಮಾಲಿ ಬಂದು ಅದನ್ನು ಕಳೆಯೆಂದು ಕಿತ್ತು ಗೇಟಿನಾಚೆ ಎಸೆಯುತ್ತಾನೆ. ಅದರ ಜೊತೆಗೆ ನೆಲನೆಲ್ಲಿ ಹೋಗುತ್ತದೆ, ಗರುಗ ಹೋಗುತ್ತದೆ, ತೇವವಿದ್ದ ಕಡೆ ತಾನಾಗಿ ಹಬ್ಬಿದ ಒಂದೆಲಗ ಹೋಗುತ್ತದೆ. ಮರುದಿನ ಮನೆಯವರು ಅಂಗಡಿಗೆ ಹೋಗಿ ಅದೇ ನೆಲನೆಲ್ಲಿಯ ಪುಡಿಯನ್ನು, ಅದೇ ಗರುಗದ ಎಣ್ಣೆಯನ್ನು ಸೀಸೆಯಲ್ಲಿ ಕೊಂಡು ತರುತ್ತಾರೆ. ಹೆಸರಿಗೆ ಕಾರಣವಾಯಿತೆಂದು ನಂಬಲಾದ ಗಿಡವೇ ಊರಿನಲ್ಲಿ ಕಳೆಯಾದದ್ದು ಹೇಗೆ ಎಂಬುದು ಇಂದಿನ ಮಾತಿನ ವಿಷಯ. ಹುಲ್ಲುಹಾಸನ್ನು ತೆಗೆದು ಹೂವಿನ, ಮದ್ದಿನ ಗಿಡಗಳನ್ನು ನೆಡಬೇಕೆಂಬ ಆಸೆ ಈಗ ಅಲ್ಲಲ್ಲಿ ಹುಟ್ಟುತ್ತಿದೆ. ಅದು ಹೊಸ ಶೋಕಿಯಂತೆ ಕಾಣಬಹುದು. ಆದರೆ ಇತಿಹಾಸವನ್ನು ಸ್ವಲ್ಪ ಕೆದಕಿದರೆ, ಶೋಕಿಯಾಗಿ ಬಂದದ್ದು ಹುಲ್ಲುಹಾಸು ಎಂಬುದು ತಿಳಿಯುತ್ತದೆ.

ಅಂಗಳವೆಂದರೆ ಕೆಲಸದ ಜಾಗ

ಈ ಸೀಮೆಯ ಹಳೆಯ ಮನೆಗಳಿಗೆ ಮುಂದೆ ತೋಟವಿರಲಿಲ್ಲ, ಹುಲ್ಲೂ ಇರಲಿಲ್ಲ. ಮುಂದೆ ಇದ್ದದ್ದು ಅಂಗಳ. ಬೆಳಗಾದರೆ ಸಗಣಿ ನೀರು ಹಾಕಿ ಸಾರಿಸಿ, ರಂಗೋಲಿ ಇಡುವ ಬರಿಯ ನೆಲ. ಹೆಚ್ಚೆಂದರೆ ಒಂದು ತುಳಸಿಕಟ್ಟೆ. ಬರಿದಾಗಿ ಕಂಡರೂ ಅದು ಮನೆಯ ಅತ್ಯಂತ ದುಡಿಯುವ ಜಾಗವಾಗಿತ್ತು. ರಾಗಿ ಒಣಗುತ್ತಿದ್ದುದು ಅಲ್ಲಿ, ಮೆಣಸಿನಕಾಯಿ ಹರಡುತ್ತಿದ್ದುದು ಅಲ್ಲಿ, ಸಂಡಿಗೆ ಹಪ್ಪಳ ಬಿಸಿಲು ಕಾಣುತ್ತಿದ್ದುದು ಅಲ್ಲಿ. ಗುಬ್ಬಿಯ ಕಡೆಗೆ ಹೋದರೆ ಅಂಗಳದ ಮಹತ್ವ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಗುಬ್ಬಿ ಬಹುಕಾಲದಿಂದ ಅಡಿಕೆ, ತೆಂಗಿನ ಸೀಮೆ. ಹಸಿ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ದಿನಗಟ್ಟಲೆ ಬಿಸಿಲಿನಲ್ಲಿ ಒಣಗಿಸಬೇಕು. ಅಡಿಕೆ ಬೆಳೆಗಾರನ ಮನೆಯ ಮುಂದೆ ಹುಲ್ಲು ಬೆಳೆಯಿತೆಂದರೆ ಆ ವರ್ಷ ಫಸಲಿಲ್ಲ ಎಂದೇ ಅರ್ಥ.

ಗಿಡಗಳಿದ್ದದ್ದು ಹಿತ್ತಲಲ್ಲಿ. ಅಲ್ಲಿ ಯಾರೂ ನಕ್ಷೆ ಬರೆದು ತೋಟ ಮಾಡಲಿಲ್ಲ. ನೀರು ಹರಿದ ಕಡೆ ಗಿಡ ಬೆಳೆಯಿತು. ಬಚ್ಚಲ ನೀರಿನ ಕಾಲುವೆಯ ಪಕ್ಕ ಬಾಳೆ, ಕೆಸು, ದೊಡ್ಡಪತ್ರೆ. ಪಾತ್ರೆ ತೊಳೆಯುವ ಕಲ್ಲಿನ ಬಳಿ ಒಂದೆಲಗ. ಸ್ವಲ್ಪ ಆಚೆ ಒಣ ನೆಲದಲ್ಲಿ ಕರಿಬೇವು, ನುಗ್ಗೆ. ಬೇಲಿಗೆ ಆಡುಸೋಗೆ, ಯಾಕೆಂದರೆ ಅದನ್ನು ಆಡು ಮುಟ್ಟುವುದಿಲ್ಲ. ಬೇಲಿಯ ಮೇಲೆ ಅಮೃತಬಳ್ಳಿ, ಶಂಖಪುಷ್ಪ. ಬಾವಿಕಟ್ಟೆಯ ಹತ್ತಿರ ಮಲ್ಲಿಗೆ, ದಾಸವಾಳ. ಈ ಕ್ರಮದ ಹಿಂದೆ ಒಂದು ಲೆಕ್ಕಾಚಾರವಿತ್ತು: ಒಮ್ಮೆ ಬಳಸಿದ ನೀರು ಇನ್ನೊಮ್ಮೆ ಬಳಕೆಯಾಗಬೇಕು, ದಿನವೂ ಬೇಕಾದ ಗಿಡ ಅಡುಗೆಮನೆಯ ಬಾಗಿಲಿಗೆ ಹತ್ತಿರವಿರಬೇಕು.

ಹೀಗೆ ಮನೆಯ ಮುಂದೆ ಕೆಲಸ, ಹಿಂದೆ ಗಿಡ ಎಂಬ ವ್ಯವಸ್ಥೆ ನಡೆದುಬಂದಿತ್ತು. ಅದು ಕದಲಿದ್ದು ನಿವೇಶನಗಳು ಬಂದಾಗ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿದರೆ ಹಿಂದೆ ಉಳಿಯುವುದು ಬಟ್ಟೆ ಒಗೆಯುವ ಕಲ್ಲಿಗೆ ಸಾಲುವಷ್ಟು ಜಾಗ. ಹಿತ್ತಲು ಹೋಯಿತು. ಧಾನ್ಯ ಒಣಗಿಸುವ ಅಗತ್ಯವೂ ಇಲ್ಲವಾದ್ದರಿಂದ ಅಂಗಳಕ್ಕೆ ಕೆಲಸ ತಪ್ಪಿತು. ಸ್ವಲ್ಪ ದೊಡ್ಡ ನಿವೇಶನ ಕೊಳ್ಳಬಲ್ಲವರಿಗೆ ಮುಂದೆ ಒಂದಿಷ್ಟು ನೆಲ ಉಳಿಯಿತು. ಕೆಲಸವಿಲ್ಲದ ಆ ನೆಲಕ್ಕೆ ಏನಾದರೂ ಮಾಡಬೇಕಲ್ಲ? ಆಗ ಕಣ್ಣಮುಂದೆ ಇದ್ದ ಮಾದರಿ ಒಂದೇ: ಸಾಹೇಬರ ಬಂಗಲೆ.

ಹುಲ್ಲು ಬಂದ ದಾರಿ

ಕತ್ತರಿಸಿದ ಹುಲ್ಲುಹಾಸು ಇಂಗ್ಲೆಂಡಿನ ಮಳೆಯ ಕೂಸು. ಅಲ್ಲಿ ವರ್ಷವಿಡೀ ತುಂತುರು ಮಳೆ, ತಂಪು ಹವೆ. ಹುಲ್ಲು ನೀರು ಹಾಕದೆಯೇ ಹಸಿರಾಗಿರುತ್ತದೆ. ಹಾಗಿದ್ದರೂ 17, 18ನೆಯ ಶತಮಾನಗಳಲ್ಲಿ ಅದನ್ನು ಒಪ್ಪವಾಗಿ ಇಟ್ಟುಕೊಳ್ಳುವ ಭಾಗ್ಯ ಶ್ರೀಮಂತ ಜಮೀನುದಾರರಿಗೆ ಮಾತ್ರ ಇತ್ತು. ಕುರಿ ಮೇಯಿಸಬೇಕು, ಇಲ್ಲವೇ ಆಳುಗಳು ಉದ್ದನೆಯ ಕುಡುಗೋಲು ಹಿಡಿದು ಮುಂಜಾನೆಯ ಇಬ್ಬನಿಯಲ್ಲೇ ಕೊಯ್ಯಬೇಕು. ಉಳುವ ಭೂಮಿಯನ್ನು ಉಳದೆ ಬಿಡುವುದು, ಬೆಳೆಯುವ ನೆಲದಲ್ಲಿ ಏನನ್ನೂ ಬೆಳೆಯದಿರುವುದು, ಅದಕ್ಕಾಗಿ ಕೂಲಿಯನ್ನೂ ಕೊಡುವುದು. ಸಿರಿವಂತಿಕೆಯನ್ನು ಇದಕ್ಕಿಂತ ಚೆನ್ನಾಗಿ ಸಾರುವ ಉಪಾಯ ಬೇರೆ ಇರಲಿಲ್ಲ.

1830ರಲ್ಲಿ ಗ್ಲೌಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕುಶಲಿ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ. ಉಣ್ಣೆ ಬಟ್ಟೆಯ ಮೇಲೆದ್ದ ನೂಲಿನ ಎಳೆಗಳನ್ನು ಸವರುವ ಗಿರಣಿಯ ಯಂತ್ರವೇ ಅವನಿಗೆ ಸ್ಫೂರ್ತಿ. ಅಲ್ಲಿಂದ ಮುಂದೆ ಹುಲ್ಲುಹಾಸು ಮಧ್ಯಮ ವರ್ಗದ ಮನೆಗಳಿಗೂ ಇಳಿಯಿತು.

ಭಾರತಕ್ಕೆ ಅದು ಬಂದದ್ದು ದಂಡಿನ ಜೊತೆ, ಅಧಿಕಾರದ ಜೊತೆ. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿತು. ನಡುವೆ ಬಂಗಲೆ, ಸುತ್ತ ವಿಶಾಲವಾದ ಆವರಣ, ಆವರಣಕ್ಕೆ ಗೋಡೆ ಎಂಬ ಮಾದರಿ ಅಲ್ಲಿ ಬೇರೂರಿತು. ಆ ಆವರಣಕ್ಕೆ ಇಂಗ್ಲಿಷರು ‘ಕಾಂಪೌಂಡ್’ ಎಂದರು. ಅದು ಮಲಯ ಭಾಷೆಯ ‘ಕಂಪುಂಗ್’ ಎಂಬ ಮಾತಿನಿಂದ ಬಂದಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಕನ್ನಡದಲ್ಲಿ ಮಾತ್ರ ಕಾಂಪೌಂಡ್ ಎಂದರೆ ಗೋಡೆಯೇ ಆಗಿ ಉಳಿಯಿತು. ಆವರಣದ ಬದಲು ಬೇಲಿಯೇ ಮುಖ್ಯವಾಯಿತು ಎಂಬುದಕ್ಕೆ ಭಾಷೆಯೇ ಸಾಕ್ಷಿ ನುಡಿದಂತಿದೆ.

ತುಮಕೂರಿಗೂ ಈ ಮಾದರಿ ತಡವಿಲ್ಲದೆ ಪರಿಚಯವಾಯಿತು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರರ ಕೈಸೇರಿದ ಮೇಲೆ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟರ ಠಾಣೆ ತುಮಕೂರಿನಲ್ಲಿತ್ತು. ದೀರ್ಘಕಾಲ ಆ ಹುದ್ದೆಯಲ್ಲಿದ್ದ ಡಾಬ್ಸ್ ಸಾಹೇಬನ ಹೆಸರು ಬೆಂಗಳೂರು ದಾರಿಯ ದಾಬಸ್‌ಪೇಟೆಯಲ್ಲಿ ಇಂದಿಗೂ ಉಳಿದಿದೆ. ಅಧಿಕಾರಿಗಳ ಬಂಗಲೆ, ಪ್ರವಾಸಿ ಮಂದಿರ, ಕಚೇರಿ, ಕಾಲೇಜು, ಆಮೇಲೆ ಕಾರ್ಖಾನೆಗಳ ಅತಿಥಿಗೃಹ ಎಂದು ಹುಲ್ಲುಹಾಸು ಮೆಟ್ಟಿಲಿಳಿದು ಬಂತು. ಕೊನೆಗೆ ಬಡಾವಣೆಯ ಮನೆಗಳನ್ನು ಮುಟ್ಟಿತು. ಗೇಟು ತೆರೆದರೆ ಹಸಿರು ಹಾಸು ಎಂದರೆ ಮನೆಯ ಯಜಮಾನರು ಒಂದು ಹಂತ ತಲುಪಿದ್ದಾರೆ ಎಂಬ ಫಲಕವಿದ್ದಂತೆ.

ಈ ಜಿಲ್ಲೆಯಲ್ಲಿಯೇ ಹುಲ್ಲಿಗೆ ನಿಜವಾದ ಕೆಲಸವಿರುವ ಒಂದು ಸ್ಥಳವನ್ನು ಇಲ್ಲಿ ನೆನೆಯಬೇಕು. ಅದು ಕುಣಿಗಲ್. ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಅಲ್ಲಿನ ಕುದುರೆ ಫಾರಂನಲ್ಲಿ ಹುಲ್ಲು ಇರುವುದು ಕುದುರೆ ಮೇಯಲಿಕ್ಕೆ, ಮರಿ ಓಡಲಿಕ್ಕೆ. ಮೊದಲು ಅಶ್ವದಳಕ್ಕೆ, ಈಚಿನ ಕಾಲದಲ್ಲಿ ಜೂಜಿನ ಅಂಕಣಕ್ಕೆ ಕುದುರೆಗಳನ್ನು ಕೊಟ್ಟ ಹುಲ್ಲು ಅದು. ಮೇಯುವ ಬಾಯಿ ಇದ್ದಲ್ಲಿ ಹುಲ್ಲು ಬೆಳೆ. ಬಾಯಿಯೇ ಇಲ್ಲದ ಕಡೆ ಅದು ಸಾಕಿಕೊಂಡ ಖರ್ಚು. ಕುಣಿಗಲ್ಲಿನ ಕುದುರೆಗೂ ಬಡಾವಣೆಯ ಮನೆಯ ಕಾರಿಗೂ ಇರುವ ವ್ಯತ್ಯಾಸ ಇಷ್ಟೇ: ಕಾರು ಹುಲ್ಲು ತಿನ್ನುವುದಿಲ್ಲ.

ಒಬ್ಬ ಮನುಷ್ಯನ ಪಾಲಿನ ನೀರು

ಶೋಕಿ ಎಂದು ನಕ್ಕು ಸುಮ್ಮನಾಗಬಹುದಿತ್ತು, ನೀರಿನ ಪ್ರಶ್ನೆ ಇಲ್ಲದಿದ್ದರೆ. ಲೆಕ್ಕ ಸುಲಭವಾದದ್ದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಹುಲ್ಲುಹಾಸಿನಿಂದ ದಿನಕ್ಕೆ ಸುಮಾರು ಐದು ಮಿಲಿಮೀಟರಿನಷ್ಟು ನೀರು ಆವಿಯಾಗಿ ಹೋಗುತ್ತದೆ. ಅಷ್ಟನ್ನು ಮರಳಿ ಕೊಡದಿದ್ದರೆ ಹುಲ್ಲು ಕಂದುತ್ತದೆ. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಒಂದು ಸಾಧಾರಣ ಹುಲ್ಲುಹಾಸು ಎಂದರೆ 300 ಚದರ ಅಡಿ, ಅಂದರೆ ಸುಮಾರು 28 ಚದರ ಮೀಟರ್. ಐದರಿಂದ ಗುಣಿಸಿದರೆ ದಿನಕ್ಕೆ 140 ಲೀಟರ್. ನಗರದ ನೀರು ಸರಬರಾಜಿನ ಯೋಜನೆ ಮಾಡುವವರು ಒಬ್ಬ ವ್ಯಕ್ತಿಗೆ ದಿನಕ್ಕೆ ಬೇಕೆಂದು ಇಟ್ಟುಕೊಳ್ಳುವ ಪ್ರಮಾಣ 135 ಲೀಟರ್. ಮನೆಯಲ್ಲಿ ನಾಲ್ವರಿದ್ದರೆ ಹುಲ್ಲು ಐದನೆಯವರಾಗಿ ಪಾಲಿಗೆ ನಿಂತಿದೆ ಎಂದು ಅರ್ಥ.

ಆ ನೀರು ಎಲ್ಲಿಂದ ಬರುತ್ತದೆ? ತುಮಕೂರು ನಗರ ಕುಡಿಯುವ ನೀರಿಗೆ ಬುಗುಡನಹಳ್ಳಿ ಕೆರೆಯತ್ತ ನೋಡುತ್ತದೆ. ಆ ಕೆರೆ ಹೇಮಾವತಿ ನಾಲೆಯತ್ತ ನೋಡುತ್ತದೆ. ನಾಲೆ ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನತ್ತ ನೋಡುತ್ತದೆ. ದಾರಿಯುದ್ದಕ್ಕೂ ತೆಂಗು, ಅಡಿಕೆ ತೋಟಗಳ ರೈತರು ಅದೇ ನೀರಿಗೆ ಕಾದಿದ್ದಾರೆ. ಹೇಮಾವತಿಯ ನೀರು ಗುಬ್ಬಿಗೆಷ್ಟು, ಕುಣಿಗಲ್ಲಿಗೆಷ್ಟು ಎಂಬ ಜಗಳ ಈ ಜಿಲ್ಲೆಯಲ್ಲಿ ಎಷ್ಟು ಸಲ ಬೀದಿಗೆ ಬಂದಿದೆ ಎಂಬುದನ್ನು ಹೇಳಬೇಕಾಗಿಲ್ಲ. ಕೊಳವೆ ಬಾವಿಯಾದರೆ ಅದು ನೆರೆಮನೆಯವರ ನೆಲದಡಿಯ ನೀರೂ ಹೌದು. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿನ ಬರ ಬಿದ್ದಾಗ ಜಲಮಂಡಳಿ ಕೈತೋಟಕ್ಕೆ, ಕಾರು ತೊಳೆಯಲಿಕ್ಕೆ ಕುಡಿಯುವ ನೀರು ಬಳಸಕೂಡದೆಂದು ಆಜ್ಞೆ ಮಾಡಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರಿಗೆ ಅಂಥ ದಿನ ಬರಲಾರದು ಎಂದು ನಂಬಲು ಕಾರಣವಿಲ್ಲ.

ಹೂವಿನ ಗಿಡಕ್ಕೆ ನೀರು ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೇಕು. ಆದರೆ ಹುಲ್ಲಿನ ಬೇರು ಮೇಲ್ಮಣ್ಣಿನಲ್ಲಿದೆ, ಅದಕ್ಕೆ ಇಡೀ ನೆಲವನ್ನೇ ತೋಯಿಸಬೇಕು. ಗಿಡಕ್ಕೆ ಬುಡವಷ್ಟೇ ಸಾಕು. ನಲವತ್ತು ಗಿಡಗಳಿಗೆ ಒಂದೊಂದಕ್ಕೆ ಮೂರು ಲೀಟರಿನಂತೆ ವಾರಕ್ಕೆರಡು ಸಲ ಹಾಕಿದರೆ 240 ಲೀಟರ್ ಆಯಿತು. ಹುಲ್ಲಿಗೆ ಅದೇ ವಾರದಲ್ಲಿ 980 ಲೀಟರ್. ಮಲ್ಲಿಗೆ, ಸೇವಂತಿಗೆ ಸ್ವಲ್ಪ ಹೆಚ್ಚು ಕೇಳಿದರೂ ಉಳಿತಾಯ ದೊಡ್ಡದೇ. ಬುಡಕ್ಕೆ ಹಾಕುವ ನೀರು ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರಾದರೂ ಆದೀತು.

ಹುಲ್ಲು ಕಿತ್ತವರು

ಹುಲ್ಲುಹಾಸನ್ನು ಕಿತ್ತು ಉಪಯೋಗದ ಗಿಡ ಬೆಳೆದ ನಿದರ್ಶನಗಳು ಇತಿಹಾಸದಲ್ಲಿ ಉಂಟು. ಅವು ಹೆಚ್ಚಾಗಿ ಕಷ್ಟಕಾಲದ ಕಥೆಗಳು. ಎರಡನೆಯ ಮಹಾಯುದ್ಧದಲ್ಲಿ ಆಹಾರದ ಹಡಗುಗಳು ಮುಳುಗತೊಡಗಿದಾಗ, ಹುಲ್ಲುಹಾಸಿನ ತವರಾದ ಇಂಗ್ಲೆಂಡಿನಲ್ಲೇ ಸರ್ಕಾರ ಮನೆಯಂಗಳವನ್ನು ಅಗೆದು ತರಕಾರಿ ಬೆಳೆಯುವಂತೆ ಜನರಿಗೆ ಕರೆಕೊಟ್ಟಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶ ಆಹಾರದ ಕೊರತೆಯಿಂದ ಬಳಲುತ್ತಿದ್ದಾಗ, 1948ರಲ್ಲಿ ಗವರ್ನರ್ ಜನರಲ್ ಆದ ರಾಜಾಜಿಯವರು, ಈಗ ರಾಷ್ಟ್ರಪತಿ ಭವನವೆನಿಸಿದ ಅರಮನೆಯ ಆವರಣದ ಒಂದು ಭಾಗವನ್ನು ಉಳಿಸಿ ಗೋಧಿ ಬಿತ್ತಿಸಿದರು. ದೇಶದ ಹೊಟ್ಟೆಗೆ ಅದರಿಂದ ಬಂದದ್ದು ಅಲ್ಪ. ಸಾಮ್ರಾಜ್ಯದ ಹುಲ್ಲಿನ ಮೇಲೆ ನೇಗಿಲು ಹರಿಯಿತು ಎಂಬುದೇ ಅದರ ಅರ್ಥ.

ನೀರಿಗಾಗಿ ಹುಲ್ಲು ಕಿತ್ತದ್ದು ಈಚಿನ ಕಥೆ. ಅಮೆರಿಕದ ಮರುಭೂಮಿ ನಗರ ಲಾಸ್ ವೇಗಾಸಿನಲ್ಲಿ 1999ರಿಂದ ನೀರಿನ ಪ್ರಾಧಿಕಾರವೇ ಹಣ ಕೊಟ್ಟು ಹುಲ್ಲು ತೆಗೆಸುತ್ತ ಬಂದಿದೆ. 2021ರಲ್ಲಿ ನೆವಾಡಾ ರಾಜ್ಯ ಒಂದು ಕಾನೂನನ್ನೇ ಮಾಡಿತು: ರಸ್ತೆಯ ನಡುವೆ, ಕಚೇರಿಗಳ ಮುಂದೆ, ಯಾರೂ ಕಾಲಿಡದೆ ನೋಟಕ್ಕಷ್ಟೇ ಇರುವ ಹುಲ್ಲಿಗೆ ಕೊಲರಾಡೊ ನದಿಯ ನೀರನ್ನು 2026ರ ಕೊನೆಯ ನಂತರ ಬಳಸುವಂತಿಲ್ಲ. ಆಟದ ಬಯಲಿಗೆ ಈ ನಿಷೇಧವಿಲ್ಲ. ಕೆಲಸವುಳ್ಳ ಹುಲ್ಲು, ಕೆಲಸವಿಲ್ಲದ ಹುಲ್ಲು ಎಂಬ ಭೇದವನ್ನು ಆ ಕಾನೂನು ಒಪ್ಪಿಕೊಂಡಿತು. ಕುಣಿಗಲ್ಲಿನ ಕುದುರೆ ಸಾಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಏನು ನೆಡಬೇಕು?

ಗಿಡ ಆರಿಸುವಾಗ ದೇಶಿ, ವಿದೇಶಿ ಎಂಬ ಹಟ ಬೇಡ. ಆಯುಧಪೂಜೆಯ ದಿನ ಲಾರಿಯಿಂದ ಹೊಲಿಗೆ ಯಂತ್ರದವರೆಗೆ ಎಲ್ಲವನ್ನೂ ಸಿಂಗರಿಸುವ ಚೆಂಡುಹೂ ಮೂಲತಃ ಅಮೆರಿಕ ಖಂಡದ್ದು. ಸುಗಂಧರಾಜ ಮೆಕ್ಸಿಕೋದಿಂದ ಬಂದದ್ದು. ನಿತ್ಯಪುಷ್ಪದ ತವರು ಮಡಗಾಸ್ಕರ್. ಇನ್ನೊಂದೆಡೆ, ‘ಬರ್ಮುಡಾ ಗ್ರಾಸ್’ ಎಂಬ ಪರದೇಶದ ಹೆಸರಿನಲ್ಲಿ ಮಾರಾಟವಾಗುವ ಹುಲ್ಲು ಗಣಪತಿಗೆ ಏರಿಸುವ ಗರಿಕೆಯೇ. ಕೇಳಬೇಕಾದ ಪ್ರಶ್ನೆ ಬೇರೆ: ಈ ಗಿಡ ಎಷ್ಟು ಕುಡಿಯುತ್ತದೆ, ಏನು ಕೊಡುತ್ತದೆ?

ಮೊದಲು ಹೂವು. ಈ ಸೀಮೆಯಲ್ಲಿ ಹೂವಿಲ್ಲದ ದಿನವಿಲ್ಲ. ಮೊಳದಲ್ಲಿ, ಮಾರಿನಲ್ಲಿ ಅಳೆದು ಕೊಳ್ಳುವ ಹೂವಿಗೆ ತಿಂಗಳಿಗೆ ಆಗುವ ಖರ್ಚನ್ನು ಮನೆಯ ಹೆಂಗಸರು ಬಲ್ಲರು. ಕನಕಾಂಬರ, ಕಾಕಡ, ದಾಸವಾಳ, ನಂದಿಬಟ್ಟಲು, ಶಂಖಪುಷ್ಪ ಇಲ್ಲಿನ ಕೆಂಪು ಮಣ್ಣಿಗೆ, ಬಿಸಿಲಿಗೆ ಹೊಂದುತ್ತವೆ. ಕನಕಾಂಬರ ಅರೆನೆರಳಿನಲ್ಲೂ ಹೂ ಬಿಡುತ್ತದೆ. ಮೂಲೆಯಲ್ಲೊಂದು ಪಾರಿಜಾತವಿದ್ದರೆ ಬೆಳಗಿನ ಪೂಜೆಗೆ ಹೂ ತಾನಾಗಿ ನೆಲಕ್ಕಿಳಿದಿರುತ್ತದೆ. ಎಡೆಯೂರಿನ ಸಿದ್ಧಲಿಂಗೇಶ್ವರನಿಗೋ ಗುಬ್ಬಿಯ ಚನ್ನಬಸವೇಶ್ವರನಿಗೋ ಹೊರಟಾಗ ಮನೆಯ ಗಿಡದ ಹೂ ಕಟ್ಟಿ ಒಯ್ಯುವ ತೃಪ್ತಿಗೆ ಬೆಲೆ ಕಟ್ಟುವಂತಿಲ್ಲ.

ಎರಡನೆಯದು ಸೊಪ್ಪು. ರಾಗಿಮುದ್ದೆಯ ಈ ನಾಡಿನಲ್ಲಿ ಬೆರಕೆ ಸೊಪ್ಪು ಎಂದರೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟಿದ ಹತ್ತಾರು ಸೊಪ್ಪುಗಳ ಕೂಟ: ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿಸೊಪ್ಪು. ಅದರಿಂದ ಮಾಡಿದ ಬಸ್ಸಾರಿನ ರುಚಿ ಬಲ್ಲವರಿಗೆ ವಿವರಣೆ ಬೇಡ. ಇವೆಲ್ಲ ಹುಲ್ಲುಹಾಸಿನ ಭಾಷೆಯಲ್ಲಿ ಕಳೆಗಳು. ಬಿತ್ತದೆ ಬೆಳೆಯುವ ಇವುಗಳಿಗೆ ಒಂದು ಮೂಲೆ ಬಿಟ್ಟುಕೊಟ್ಟರೆ ಸಾಕು.

ಮೂರನೆಯದು ಮದ್ದಿನ ಗಿಡ. ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು, ಲೋಳೆಸರ, ಆಡುಸೋಗೆ, ನಲ್ಲಿಯ ಬಳಿ ಒಂದೆಲಗ. ಕಾಡಿನ ಸಂಪತ್ತಿನ ದೃಷ್ಟಿಯಿಂದ ಈ ಜಿಲ್ಲೆ ಅದೃಷ್ಟಶಾಲಿ. ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಗಿಡಮೂಲಿಕೆಗಳ ಬೆಟ್ಟವೆಂಬ ಖ್ಯಾತಿ ಇದೆ. 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಫ್‌ಆರ್‌ಎಲ್‌ಎಚ್‌ಟಿ ಎಂಬ ಪ್ರತಿಷ್ಠಾನ ಅರಣ್ಯ ಇಲಾಖೆಯ ಜೊತೆಗೂಡಿ ರಾಜ್ಯದಲ್ಲಿ ಔಷಧಿ ಸಸ್ಯಗಳ ಸಂರಕ್ಷಣೆಗೆಂದು ಕಾಡಿನ ಕೆಲವು ತಾಣಗಳನ್ನು ಆರಿಸಿತು. ಅವುಗಳಲ್ಲಿ ತುಮಕೂರಿನ ಪಕ್ಕದ ದೇವರಾಯನದುರ್ಗವೂ ಒಂದು. ಆದರೆ ಕಾಡಿನಿಂದ ಗಿಡ ಕಿತ್ತು ತರುವುದು ಕಳ್ಳತನ. ನರ್ಸರಿಯಿಂದಲೋ ನೆಂಟರ ಹಿತ್ತಲಿನಿಂದಲೋ ಸಸಿ ತರುವುದು ಸರಿಯಾದ ದಾರಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗಿಡ ಬೆಳೆಸುವುದು ಬೇರೆ, ವೈದ್ಯ ಮಾಡುವುದು ಬೇರೆ. ಹೆಸರುಗಳೇ ಗೊಂದಲ: ಬ್ರಾಹ್ಮಿ ಎಂದು ಕೆಲವರು ಒಂದೆಲಗವನ್ನು ಕರೆದರೆ ಕೆಲವರು ನೀರುಬ್ರಾಹ್ಮಿಯನ್ನು ಕರೆಯುತ್ತಾರೆ, ಎರಡೂ ಬೇರೆ ಬೇರೆ ಜಾತಿಯವು. ನಿತ್ಯಪುಷ್ಪದಿಂದ ಕ್ಯಾನ್ಸರಿನ ಪ್ರಬಲ ಔಷಧಿಗಳು ಹುಟ್ಟಿದವು ಎಂಬುದು ನಿಜ. ಅದಕ್ಕೇ ಅದರ ಎಲೆಯನ್ನು ಮನೆಯಲ್ಲಿ ಕುದಿಸಿ ಕುಡಿಯುವುದು ಅಪಾಯ. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದ ಕೆಲವರಿಗೆ ಯಕೃತ್ತಿನ ತೊಂದರೆ ಕಾಣಿಸಿತೆಂದು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಮಿತಿ ಇರಬೇಕೆಂಬುದು ಅಜ್ಜಿಯರಿಗೂ ಗೊತ್ತಿತ್ತು. ಚಿಕ್ಕ ಮಕ್ಕಳಿರುವ ಮನೆಯ ಮುಂದೆ ಕಣಗಿಲೆ ಬೇಡ; ಅದರ ಎಲ್ಲ ಭಾಗಗಳೂ ವಿಷ.

ಹುಲ್ಲು ತೆಗೆಯುವ ಬಗೆ

ಕೆಲಸಕ್ಕೆ ಬೇಸಿಗೆ ತಕ್ಕ ಕಾಲವಲ್ಲ. ಮುಂಗಾರು ಹಿಡಿದ ಮೇಲೆ, ಆರಿದ್ರಾ ಮಳೆಯ ಹೊತ್ತಿಗೆ ಕೈಹಚ್ಚಿದರೆ ಒಳ್ಳೆಯದು. ಈ ಜಿಲ್ಲೆಗೆ ಹೆಚ್ಚಿನ ಮಳೆ ಸುರಿಯುವುದು ಆಗಸ್ಟಿನಿಂದ ಅಕ್ಟೋಬರಿನವರೆಗೆ. ಅಷ್ಟರಲ್ಲಿ ಸಸಿ ಬೇರೂರಿ ಆ ಮಳೆಗೆ ಸಿದ್ಧವಾಗಿರುತ್ತದೆ. ಒಮ್ಮೆಲೇ ಎಲ್ಲವನ್ನೂ ಅಗೆಯದೆ, ಮೊದಲ ವರ್ಷ ಮೂರನೆಯ ಒಂದು ಭಾಗ ಸಾಕು.

ನರ್ಸರಿಯವರು ಕೊರಿಯನ್, ಮೆಕ್ಸಿಕನ್ ಎಂದು ಕರೆಯುವ ಹುಲ್ಲುಗಳನ್ನು ಗುದ್ದಲಿಯಿಂದ ಚಾಪೆಯಂತೆ ಸುಲಿದು ತೆಗೆಯಬಹುದು. ಗರಿಕೆ ಹಟಮಾರಿ. ನೆಲದೊಳಗಿನ ಗಂಟಿನ ಒಂದು ತುಂಡು ಉಳಿದರೂ ಚಿಗುರುತ್ತದೆ. ಅದನ್ನು ಗೇಣುದ್ದ ಅಗೆದು ಆರಿಸಬೇಕು. ಅಗೆಯಲಾಗದವರಿಗೆ ಇನ್ನೊಂದು ಉಪಾಯ: ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಚೆನ್ನಾಗಿ ನೀರು ಹಾಕಿ, ಮೇಲೆ ಹಳೆಯ ದಿನಪತ್ರಿಕೆಯ ಏಳೆಂಟು ಹಾಳೆಗಳನ್ನು ಒಂದರ ಮೇಲೊಂದು ಹರಡಿ ತೋಯಿಸಬೇಕು. ಅದರ ಮೇಲೆ ಗೊಬ್ಬರ, ಒಣ ಎಲೆ, ತೆಂಗಿನ ನಾರಿನ ಪುಡಿಯ ನಾಲ್ಕು ಬೆರಳು ದಪ್ಪದ ಹೊದಿಕೆ. ಬೆಳಕು ಕಾಣದ ಹುಲ್ಲು ಎರಡು ಮೂರು ತಿಂಗಳಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಈ ಉಪಾಯಕ್ಕೆ ಬೇಕಾದ ತೆಂಗಿನ ನಾರಾಗಲಿ ಅಡಿಕೆ ಸಿಪ್ಪೆಯಾಗಲಿ ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ದುರ್ಲಭವಲ್ಲ. ಗಿಡದ ಬುಡಕ್ಕೆ ತೆಂಗಿನ ಸಿಪ್ಪೆಯನ್ನು ಬೋರಲು ಹಾಕಿ ಮುಚ್ಚಿದರೆ ತೇವ ಹಲವು ದಿನ ನಿಲ್ಲುತ್ತದೆ ಎಂಬುದು ಇಲ್ಲಿನ ತೋಟಗಾರರ ಹಳೆಯ ಅನುಭವ.

ಆಕ್ಷೇಪಣೆಗಳು

ಮೊದಲ ಆಕ್ಷೇಪಣೆ ಹಾವಿನದು. ಗಿಡ ಬೆಳೆದರೆ ಹಾವು ಬರುತ್ತದೆ ಎಂಬ ಭಯ ಸುಳ್ಳಲ್ಲ. ಅಂಗಳವನ್ನು ಹಿರಿಯರು ಬರಿದಾಗಿ ಇಟ್ಟುಕೊಂಡದ್ದಕ್ಕೆ ಅದೂ ಒಂದು ಕಾರಣ. ಅವರ ಉಪಾಯವನ್ನೇ ಅನುಸರಿಸಬಹುದು: ಗೋಡೆಗೂ ಗಿಡಕ್ಕೂ ನಡುವೆ, ಗೇಟಿನಿಂದ ಬಾಗಿಲಿಗೆ ಹೋಗುವ ದಾರಿಯಲ್ಲಿ ಮೂರು ಅಡಿ ಬರಿಯ ನೆಲ ಅಥವಾ ಕಲ್ಲುಚಪ್ಪಡಿ ಬಿಡುವುದು. ಅಲ್ಲಿ ರಂಗೋಲಿಗೂ ಜಾಗವಾಯಿತು. ಹಾವು ಬರುವುದು ಇಲಿಯನ್ನು ಹುಡುಕಿಕೊಂಡು; ಕಸದ ರಾಶಿ, ಸೌದೆ ಗುಡ್ಡೆ ಇಲ್ಲದಿದ್ದರೆ ಅದಕ್ಕೂ ಅಲ್ಲಿ ಕೆಲಸವಿಲ್ಲ.

ಎರಡನೆಯದು ಶ್ರಮದ ಮಾತು. ಹುಲ್ಲನ್ನು ಮಾಲಿ ನೋಡಿಕೊಳ್ಳುತ್ತಿದ್ದ. ಹೂವು ಬಿಡಿಸುವುದು, ಸೊಪ್ಪು ಆರಿಸುವುದು ಮನೆಯ ಹೆಂಗಸರ ತಲೆಗೆ ಬರುತ್ತದೆ. ಇದು ತಳ್ಳಿಹಾಕುವ ಮಾತಲ್ಲ. ಹಿತ್ತಲು ಎಂದೂ ಹೆಂಗಸರ ದುಡಿಮೆಯಿಂದಲೇ ಹಸಿರಾಗಿತ್ತು, ಅದಕ್ಕೆ ಯಾರೂ ಕೂಲಿ ಕೊಡಲಿಲ್ಲ, ಹೆಸರೂ ಕೊಡಲಿಲ್ಲ. ಹಿತ್ತಲನ್ನು ಮನೆಯ ಮುಂದಕ್ಕೆ ತರುವವರು ಆ ದುಡಿಮೆಯನ್ನು ಮನೆಯವರೆಲ್ಲ ಹಂಚಿಕೊಳ್ಳುವುದನ್ನೂ ಕಲಿಯಬೇಕಾಗುತ್ತದೆ.

ಮೂರನೆಯದು ಹುಲ್ಲಿನ ಪರವಾದ ನಿಜವಾದ ವಾದ. ಮಕ್ಕಳು ಬಿದ್ದೆದ್ದು ಆಡಲಿಕ್ಕೆ, ವಯಸ್ಸಾದವರು ಬೆಳಗಿನ ಇಬ್ಬನಿಯಲ್ಲಿ ಬರಿಗಾಲಲ್ಲಿ ನಡೆಯಲಿಕ್ಕೆ ಹುಲ್ಲಿನಷ್ಟು ಹಿತವಾದದ್ದು ಬೇರೆ ಇಲ್ಲ. ಹಾಗೆ ಬಳಸುವವರ ಮನೆಯಲ್ಲಿ ಅದಕ್ಕೆ ಕೆಲಸವಿದೆ, ಅದು ಇರಲಿ. ಉಳಿದವರೂ ಒಂದು ಮಂಚದಷ್ಟಗಲ ಗರಿಕೆ ಉಳಿಸಿಕೊಂಡರೆ ಗಣೇಶನ ಹಬ್ಬದಲ್ಲಿ ಬೀದಿಯವರಿಗೆಲ್ಲ ಹಂಚಬಹುದು.

ಇನ್ನು ಗುಬ್ಬಿಯ ಹೆಸರಿನ ಕಥೆಯೊಂದಿದೆ. ಪುರಾಣ ಕೇಳಲು ದಿನವೂ ಬರುತ್ತಿದ್ದ ಗುಬ್ಬಚ್ಚಿಗಳು ಪುರಾಣ ಮುಗಿದ ದಿನ ಅಲ್ಲೇ ಪ್ರಾಣಬಿಟ್ಟವು, ಅದರಿಂದ ಊರಿಗೆ ಆ ಹೆಸರು ಬಂತು ಎಂದು ಅಲ್ಲಿನವರು ಹೇಳುತ್ತಾರೆ. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿಯಾದರೂ ಮರಿಗಳಿಗೆ ಉಣಿಸುವುದು ಹುಳುವನ್ನು. ಕರಿಬೇವಿನ ಮೇಲಿನ ಹಸಿರು ಹುಳು ಮುಂದೆ ಚಿಟ್ಟೆಯಾಗುತ್ತದೆ, ಇಲ್ಲವೇ ಗುಬ್ಬಿಮರಿಗೆ ತುತ್ತಾಗುತ್ತದೆ, ಎರಡೂ ಲಾಭವೇ. ಔಷಧಿ ಹೊಡೆದು ಒಪ್ಪವಾಗಿ ಕತ್ತರಿಸಿದ ಹುಲ್ಲಿನಲ್ಲಿ ಹುಳುವಿಲ್ಲ, ಕಾಳಿಲ್ಲ, ಹೂವಿಲ್ಲ. ಗುಬ್ಬಿಯ ಪಾಲಿಗೆ ಅದು ಹಸಿರು ಬಣ್ಣದ ಸಿಮೆಂಟು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಕೈಗೆ ಹತ್ತಿರವಿದ್ದುದರ ಬೆಲೆ ತಿಳಿಯುವುದಿಲ್ಲ ಎಂದು ಅದರ ತಾತ್ಪರ್ಯ. ಈಗಿನ ಸ್ಥಿತಿ ಗಾದೆಗಿಂತ ಮುಂದೆ ಹೋಗಿದೆ: ಬೆಲೆ ತಿಳಿಯದಿರಲು ಹಿತ್ತಲೂ ಇಲ್ಲ, ಗಿಡವೂ ಇಲ್ಲ, ಆ ಗಿಡದ ಹೆಸರು ಹೇಳುವವರು ಮನೆಮನೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಅಜ್ಜಿ ಬದುಕಿರುವಾಗ ಮನೆಯ ಮುಂದೆ ನಾಲ್ಕು ಗಿಡ ನೆಟ್ಟರೆ ಮೊಮ್ಮಗಳು ಕೇಳುತ್ತಾಳೆ, ಅಜ್ಜಿ ಹೇಳುತ್ತಾರೆ. ಗಿಡವೇ ಇಲ್ಲದಿದ್ದರೆ ಕೇಳುವ ಪ್ರಸಂಗವೇ ಹುಟ್ಟುವುದಿಲ್ಲ. ಮುಂದಿನ ಸಲ ಹುಲ್ಲಿನ ನಡುವೆ ಬಿಳಿಹೂವಿನ ಪುಟ್ಟ ಗಿಡವೊಂದು ತಲೆಯೆತ್ತಿದಾಗ ಮಾಲಿಯ ಕೈಯನ್ನು ಒಂದು ಗಳಿಗೆ ತಡೆದರೆ, ಉಳಿದ ಕೆಲಸ ಅಲ್ಲಿಂದಲೇ ಶುರುವಾದೀತು.